ಸೀಸೆಯ ಮೇಲಣ ಮಾತು

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮೈ ಇಳಿಸುವ ಗುಳಿಗೆಗಳನ್ನೂ ಚೂರ್ಣಗಳನ್ನೂ ಮಾರುವ ವ್ಯಾಪಾರವು ತೀರ ಈಚಿನದೆಂದು ಬಹುಮಂದಿ ಭಾವಿಸಿರುವರಾದರೂ, ಅದರ ಮೂಲವನ್ನು ಅರಸುತ್ತ ಹೋದವರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಪಾದರಕ್ಷೆಗಳ ತಯಾರಿಕೆಗೆ ಹೆಸರಾದ ಲಿನ್ ಎಂಬ ಪಟ್ಟಣದ ಒಂದು ಅಡುಗೆಮನೆ ಎದುರಾಗುತ್ತದೆ. ಲಿಡಿಯಾ ಪಿಂಕಮ್ ಎಂಬ ಗೃಹಿಣಿ, 1873ರ ಆರ್ಥಿಕ ವಿಪತ್ತಿನಲ್ಲಿ ಪತಿಯ ಸಂಪತ್ತೆಲ್ಲ ಕರಗಿಹೋದ ಬಳಿಕ, ಅದುವರೆಗೆ ನೆರೆಹೊರೆಯವರಿಗೆ ಸುಮ್ಮನೆ ಕೊಡುತ್ತಿದ್ದ ಕಷಾಯವನ್ನು 1875ರಲ್ಲಿ ಹಣಕ್ಕೆ ಮಾರತೊಡಗಿದರು. ಬ್ಲ್ಯಾಕ್ ಕೊಹೋಶ್ ಎಂಬ ಅಲ್ಲಿನ ಕಾಡುಬೇರು, ಇನ್ನೆರಡು ಮೂರು ಬೇರುಗಳು, ನಮ್ಮ ಅಡುಗೆಮನೆಯ ಮೆಂತ್ಯ, ಇವುಗಳೊಡನೆ ಶೇಕಡ 18ರಷ್ಟು ಮದ್ಯಸಾರ: ಇಷ್ಟೇ ಅದರ ಸಾಮಗ್ರಿ. ಅದು ಮೈ ಇಳಿಸುವ ಮದ್ದೆಂದು ಮಾರಾಟವಾಗಲಿಲ್ಲ, ನಿಜ. ಆದರೆ ರಜೋನಿವೃತ್ತಿಯ ಕಾಲಕ್ಕೆ ವಿಶೇಷವಾಗಿ ಒಪ್ಪುವಂಥದೆಂದು ಪತ್ರಿಕೆಗಳಲ್ಲಿ ಸಾರಿ, ಆ ವಯಸ್ಸಿನ ಹೆಂಗಸರನ್ನೇ ಪ್ರತ್ಯೇಕವಾಗಿ ಉದ್ದೇಶಿಸಿ ಮಾತನಾಡುವ ಮಾರಾಟದ ರೀತಿಯನ್ನು ಅದು ದೇಶದಾದ್ಯಂತ ನೆಲೆಗೊಳಿಸಿತು.

ಆ ಹೆಂಗಸರು ಅದನ್ನು ಕೊಂಡದ್ದು ಅವಿವೇಕದಿಂದ ಎನ್ನಲು ನನಗೆ ಮನಸ್ಸಿಲ್ಲ. ಜಾರ್ಜಿಯಾ ಪ್ರಾಂತದ ವೈದ್ಯ ರಾಬರ್ಟ್ ಬ್ಯಾಟಿ 1872ರಲ್ಲಿ ತೋರಿಸಿಕೊಟ್ಟ ದಾರಿಯನ್ನು ಹಿಡಿದು, ರೋಗವಿಲ್ಲದ ಅಂಡಾಶಯಗಳನ್ನೂ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆ ಪ್ರಚಾರಕ್ಕೆ ಬರುತ್ತಿದ್ದ ದಿನಗಳವು. ಮೈ ಉರಿ, ನಿದ್ರಾಹೀನತೆ, ಅಕಾರಣವಾದ ದುಃಖ ಇವುಗಳನ್ನು ಪರಪುರುಷನಾದ ವೈದ್ಯನ ಮುಂದೆ ಹೇಳಿಕೊಳ್ಳಲು ನಾಚಿ ಹಿಂಜರಿಯುತ್ತಿದ್ದವಳಿಗೆ, ತನ್ನ ಪತ್ರವನ್ನು ಯಾವ ಗಂಡಸೂ ಓದಲಾರನೆಂಬ ಆಶ್ವಾಸನೆಯೊಡನೆ ‘ಪಿಂಕಮ್ ಅವರಿಗೆ ಬರೆಯಿರಿ’ ಎಂದು ಕರೆದ ಜಾಹೀರಾತು ಅಕ್ಕರೆಯ ಮಾತಾಗಿ ಕೇಳಿದ್ದರಲ್ಲಿ ಆಶ್ಚರ್ಯವೇನು? ಪಿಂಕಮ್ 1883ರಲ್ಲಿ ತೀರಿಕೊಂಡರು. ಕಾಗದಗಳಿಗೆ ಅವರ ಹೆಸರಿನಲ್ಲಿ ಉತ್ತರ ಹೋಗುವುದು ಮಾತ್ರ ನಿಲ್ಲಲಿಲ್ಲ. 1905ರಲ್ಲಿ ಎಡ್ವರ್ಡ್ ಬಾಕ್ ಎಂಬ ಸಂಪಾದಕರು ತಮ್ಮ ಮಹಿಳಾ ಪತ್ರಿಕೆಯಲ್ಲಿ ಆಕೆಯ ಗೋರಿಕಲ್ಲಿನ ಚಿತ್ರವನ್ನು ಅಚ್ಚುಹಾಕಿಸಿದಾಗಲೇ ಅನೇಕರಿಗೆ ಸತ್ಯ ತಿಳಿದದ್ದು. ಮರುವರ್ಷದ ಶಾಸನವು ಸೀಸೆಯಲ್ಲಿರುವ ಮದ್ಯಸಾರದ ಪ್ರಮಾಣವನ್ನು ಚೀಟಿಯ ಮೇಲೆ ನಮೂದಿಸಬೇಕೆಂದು ವಿಧಿಸಿತು. ನೊಂದವರ ಗುಟ್ಟನ್ನು ಬಂಡವಾಳವಾಗಿ ಮಾಡಿಕೊಂಡ ಈ ಮೋಸವು, ಕಷಾಯದಲ್ಲಿದ್ದ ಮದ್ಯಕ್ಕಿಂತ ಹೆಚ್ಚು ಕ್ರೂರವಾದುದೆಂದೇ ನನ್ನ ಅಭಿಪ್ರಾಯ.

ಮೈ ಇಳಿಸುವ ಮಾತು ಬಂದದ್ದು ಬೇರೊಂದು ದಾರಿಯಿಂದ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು 1891ರಲ್ಲಿ, ಥೈರಾಯಿಡ್ ಗ್ರಂಥಿ ಸೊರಗಿದ ರೋಗಿಗೆ ಕುರಿಯ ಗ್ರಂಥಿಯ ಸಾರವನ್ನು ಕೊಟ್ಟು ಗುಣಪಡಿಸಿದರು. ಆ ಸಾರದಿಂದ ದೇಹದ ತೂಕ ಇಳಿಯುವುದೆಂಬ ವಾರ್ತೆ ಹಬ್ಬಿದ್ದೇ ತಡ, ಆರೋಗ್ಯವಂತರಿಗೂ ಅದನ್ನು ಮಾರುವವರು ಹುಟ್ಟಿಕೊಂಡರು. ಅಂಥ ಸರಕುಗಳಲ್ಲಿ ದೀರ್ಘಕಾಲ ಬಾಳಿದ್ದು, 1907ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಿಂದ ಹೊರಟ ‘ಮಾರ್ಮೋಲ’ ಎಂಬ ಗುಳಿಗೆ. ಒಣಗಿಸಿದ ಥೈರಾಯಿಡ್ ಅದರ ಜೀವಾಳ. ಗ್ರಂಥಿ ಸರಿಯಾಗಿಯೇ ಇರುವವರು ಅದನ್ನು ನುಂಗಿದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ತೂಕದೊಡನೆ ಮಾಂಸಖಂಡವೂ ಕರಗುವುದು. ಆದರೂ ಅದನ್ನು ತಡೆಯುವುದು ಸರಕಾರಕ್ಕೆ ಸಾಧ್ಯವಾಗಲಿಲ್ಲ. 1906ರ ಶಾಸನದ ದೃಷ್ಟಿಯಲ್ಲಿ ಔಷಧವೆಂದರೆ ರೋಗವನ್ನು ಗುಣಪಡಿಸುವ ಅಥವಾ ತಡೆಯುವ ವಸ್ತು. ಸ್ಥೂಲಕಾಯವು ರೋಗವಲ್ಲವೆಂದು ಎಣಿಸಿದುದರಿಂದ, ಅದನ್ನು ಕರಗಿಸುವ ಗುಳಿಗೆ ಔಷಧವೇ ಅಲ್ಲವೆಂದಾಯಿತು! ವಾಣಿಜ್ಯ ಆಯೋಗವು ಮಾರ್ಮೋಲದ ಜಾಹೀರಾತನ್ನು ನಿಷೇಧಿಸಲೆಳಸಿದಾಗ, ಇದರಿಂದ ಪ್ರತಿಸ್ಪರ್ಧಿ ವರ್ತಕರಿಗೆ ಹಾನಿಯಾಯಿತೆಂದು ಸಿದ್ಧವಾಗಿಲ್ಲವೆಂಬ ಕಾರಣದಿಂದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1931ರಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು. ನುಂಗಿದವಳ ಹಾನಿ ಲೆಕ್ಕಕ್ಕೇ ಬರಲಿಲ್ಲ.

ಇದರ ಬೆನ್ನಿಗೇ 1933ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಗಳ ಬಲದಿಂದ, ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಪೇಟೆಗೆ ನುಗ್ಗಿತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳ ಕಾರ್ಮಿಕರನ್ನು ಸೊರಗಿಸಿದ ವಸ್ತುವದು. ಮೈಯ ಶಾಖವನ್ನು ಮಿತಿಮೀರಿ ಏರಿಸಿ ಕೊಲ್ಲಬಲ್ಲುದು. ಎರಡು ವರ್ಷ ಕಳೆಯುವುದರೊಳಗೆ ಅದನ್ನು ಸೇವಿಸಿದ ಹೆಂಗಸರ ಕಣ್ಣುಗಳಿಗೆ ಪೊರೆ ಬರತೊಡಗಿತು. 1938ರ ಹೊಸ ಶಾಸನವು, ದೇಹದ ರಚನೆಯನ್ನಾಗಲಿ ಕ್ರಿಯೆಯನ್ನಾಗಲಿ ಬದಲಿಸಲೆಂದು ಮಾರುವ, ಆಹಾರವಲ್ಲದ ವಸ್ತುಗಳೆಲ್ಲ ಔಷಧವೇ ಎಂದು ಸಾರಿ, ಮೂವತ್ತೆರಡು ವರ್ಷಗಳ ಆ ಬಿರುಕನ್ನು ಮುಚ್ಚಿತು. ಅನಂತರದ ಆಂಫೆಟಮೀನ್ ಗುಳಿಗೆಗಳ ಕಾಲವು ವೈದ್ಯರ ಚೀಟಿಯ ಮೂಲಕವೇ ನಡೆದ ಅನಾಹುತವಾದುದರಿಂದ ಅದರ ಕಥೆ ಬೇರೆ.

ಮುಚ್ಚಿದ ಬಿರುಕು 1994ರಲ್ಲಿ ಮತ್ತೆ ತೆರೆಯಿತು. ಪೂರಕ ಆಹಾರವೆಂದು ಕರೆದುಕೊಂಡ ಗಿಡಮೂಲಿಕೆಯ ಗುಳಿಗೆಗಳು, ರೋಗದ ಹೆಸರೆತ್ತದೆ ದೇಹದ ರಚನೆ ಮತ್ತು ಕ್ರಿಯೆಗಳನ್ನು ಕುರಿತು ಏನಾದರೂ ಹೇಳಿಕೊಳ್ಳಬಹುದು, ಆ ಮಾತನ್ನು ಸರಕಾರ ಪರಿಶೀಲಿಸಿಲ್ಲವೆಂದು ಚೀಟಿಯಲ್ಲಿ ಬರೆದರಾಯಿತು, ಎಂದು ಆ ವರ್ಷದ ಕಾನೂನು ಅನುಮತಿಸಿತು. ಪಿಂಕಮ್ ಅವರ ಬ್ಲ್ಯಾಕ್ ಕೊಹೋಶ್ ಹೊಸ ಸೀಸೆಗಳಲ್ಲಿ ಮರಳಿ ಕಾಣಿಸಿಕೊಂಡದ್ದು ಹೀಗೆ. ಅದರಿಂದ ತೂಕ ಇಳಿಯುವುದೆಂಬುದಕ್ಕೆ ದೃಢವಾದ ಪ್ರಮಾಣವೇ ಇಲ್ಲ.

ಈ ಸಂತೆಗೆ ನಮ್ಮ ಮಲೆನಾಡಿನದೂ ಒಂದು ಪಾಲು ಸಂದಿದೆ. ಉತ್ತರ ಕನ್ನಡದ ಕಾಡುಗಳ ಉಪ್ಪಾಗೆ, ಒಣಗಿದ ಸಿಪ್ಪೆಯಿಂದ ಸಾರಿಗೆ ಹುಳಿಯನ್ನೂ ಬೀಜದಿಂದ ತುಪ್ಪವನ್ನೂ ಕೊಟ್ಟು, ಕೊಡಗಿನಲ್ಲಿ ಕಾಚಂಪುಳಿಯಾಗಿ, ತಲೆಮಾರುಗಳಿಂದ ಮನೆವಾರ್ತೆಗೆ ಒದಗಿದ ಹಣ್ಣು. ಅದರ ಹುಳಿಯು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ನಿರ್ಣಯಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಆ ಆಮ್ಲವು ಕೊಬ್ಬನ್ನು ಕಟ್ಟುವ ಒಂದು ಕಿಣ್ವವನ್ನು ತಡೆಯುವುದೆಂದು ಅಮೆರಿಕದ ವಿಜ್ಞಾನಿಗಳು ಕಂಡುಕೊಂಡರು. ವರ್ತಕರಿಗೆ ಅಷ್ಟೇ ಸಾಕಾಯಿತು. 1998ರಲ್ಲಿ 135 ಮಂದಿ ಸ್ಥೂಲಕಾಯರನ್ನು ಹನ್ನೆರಡು ವಾರ ಪರೀಕ್ಷಿಸಿದಾಗ, ಉಪ್ಪಾಗೆಯ ಸತ್ವವನ್ನು ಸೇವಿಸಿದವರು ಸರಾಸರಿ 3.2 ಕಿಲೋ ಇಳಿದಿದ್ದರೆ, ಸತ್ವವಿಲ್ಲದ ಹುಸಿಗುಳಿಗೆಯನ್ನು ನುಂಗಿದವರು 4.1 ಕಿಲೋ ಇಳಿದಿದ್ದರು. ಎರಡು ಗುಂಪುಗಳ ನಡುವಣ ಅಂತರ ಗಣನೀಯವಲ್ಲ. ಇಳಿದಷ್ಟೂ ಪಥ್ಯದ ಫಲ.

ನಡುವಯಸ್ಸಿನಲ್ಲಿ ಏರುವ ತೂಕವು ಬಹುಪಾಲು ವಯಸ್ಸಿನದು, ಮುಟ್ಟು ನಿಂತದ್ದರಿಂದ ಮುಖ್ಯವಾಗಿ ಕೊಬ್ಬು ಸೊಂಟದಿಂದ ಹೊಟ್ಟೆಯ ಕಡೆಗೆ ಸರಿಯುತ್ತದೆ ಎಂಬಿಷ್ಟನ್ನು ಆ ವಯಸ್ಸಿನ ಹೆಣ್ಣುಮಗಳಿಗೆ ಯಾರಾದರೂ ಸಮಾಧಾನದಿಂದ ಕುಳಿತು ಹೇಳಿದ್ದರೆ, ಈ ಸೀಸೆಗಳಲ್ಲಿ ಎಷ್ಟೋ ಅಂಗಡಿಯಲ್ಲಿಯೇ ಉಳಿಯುತ್ತಿದ್ದವು. ಹೇಳಬೇಕಾದವರು ಮೌನವಾಗಿದ್ದಲ್ಲೆಲ್ಲ ಮಾರುವವರು ಮಾತನಾಡಿದರು. ಅಮೆರಿಕದ ಸರಕಾರಕ್ಕೂ ಬೇಗ ಬಾಯಿ ತೆರೆಯಲಾಗಲಿಲ್ಲ: ಅದೇ 1994ರ ಕಾನೂನು, ಗುಳಿಗೆ ಹಾನಿಕರವೆಂದು ಸಿದ್ಧಪಡಿಸುವ ಭಾರವನ್ನು ಸರಕಾರದ ಮೇಲೆಯೇ ಹೊರಿಸಿದುದರಿಂದ, ಹೃದಯಾಘಾತಗಳೂ ಮರಣಗಳೂ ವರದಿಯಾದ ಎಫೆಡ್ರಾ ಎಂಬ ಮೂಲಿಕೆಯ ಗುಳಿಗೆಗಳನ್ನು ನಿಷೇಧಿಸಲು 2004ರವರೆಗೆ ಕಾಯಬೇಕಾಯಿತು.