ಸಹಭೋಜನ ಮತ್ತು ಮಾನಸಿಕ ಆರೋಗ್ಯ

ಸಹಭೋಜನ ಎಂದರೆ ಇಬ್ಬರು ಅಥವಾ ಹೆಚ್ಚು ಜನರು ಜೊತೆಗೂಡಿ ಊಟ ಮಾಡುವುದು. ಈ ರೂಢಿಗೂ ಸಂತೋಷ, ಒಂಟಿತನ, ಖಿನ್ನತೆ ಮೊದಲಾದ ಮಾನಸಿಕ ಸ್ಥಿತಿಗಳಿಗೂ ಇರುವ ನಂಟನ್ನು ಮನೋವಿಜ್ಞಾನ, ಸಮಾಜಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರಗಳಲ್ಲಿ ಅಧ್ಯಯನ ಮಾಡಲಾಗಿದೆ. ಪರಿಚಿತರೊಡನೆ ಹೆಚ್ಚು ಬಾರಿ ಉಣ್ಣುವವರಲ್ಲಿ ಜೀವನತೃಪ್ತಿ ಹೆಚ್ಚಿರುವುದು ಇಂತಹ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಿನ್ನೆಲೆ
ಕರ್ನಾಟಕದಲ್ಲಿ ಜೊತೆಗೂಡಿ ಉಣ್ಣುವ ಪರಂಪರೆ ಹಳೆಯದು. 12ನೆಯ ಶತಮಾನದ ಶರಣರು ದಾಸೋಹಕ್ಕೆ ಕಾಯಕದಷ್ಟೇ ಮಹತ್ವ ನೀಡಿದರು. ತುಮಕೂರಿನ ಸಿದ್ಧಗಂಗಾ ಮಠ, ಧರ್ಮಸ್ಥಳ ಮುಂತಾದೆಡೆ ಸಾಮೂಹಿಕ ಅನ್ನದಾನ ಇಂದಿಗೂ ನಡೆಯುತ್ತಿದೆ. ಸರ್ಕಾರಿ ಶಾಲೆಗಳ ಬಿಸಿಯೂಟ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಡಲಾಗಿದೆ. ಇನ್ನೊಂದೆಡೆ, ಊಟದ ಪಂಕ್ತಿಯು ಜಾತಿಭೇದವನ್ನು ಎತ್ತಿ ತೋರುವ ಜಾಗವೂ ಆಗಿತ್ತು. ಇದನ್ನು ಪ್ರಶ್ನಿಸಿ ನೆರೆಯ ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಮಿಶ್ರಭೋಜನ ಏರ್ಪಡಿಸಿದರು.

ಅಧ್ಯಯನಗಳು
2025ರ ವಿಶ್ವ ಸಂತೋಷ ವರದಿಯು ಈ ವಿಷಯಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಹಿಂದಿನ ವಾರದ 14 ಊಟಗಳಲ್ಲಿ, ಅಂದರೆ 7 ಮಧ್ಯಾಹ್ನದ ಮತ್ತು 7 ರಾತ್ರಿಯ ಊಟಗಳಲ್ಲಿ, ಎಷ್ಟನ್ನು ಪರಿಚಿತರೊಡನೆ ಮಾಡಿದಿರಿ ಎಂದು 140ಕ್ಕೂ ಹೆಚ್ಚು ದೇಶಗಳಲ್ಲಿ ಕೇಳಲಾಗಿತ್ತು. ಯೋಗಕ್ಷೇಮವನ್ನು ಸೂಚಿಸುವಲ್ಲಿ ಈ ಸಂಖ್ಯೆಯು ಆದಾಯ ಮತ್ತು ನಿರುದ್ಯೋಗದಂತಹ ಅಂಶಗಳಿಗೆ ಸರಿಸಮವೆಂದು ವರದಿ ಹೇಳುತ್ತದೆ. ದಕ್ಷಿಣ ಏಷ್ಯಾದಲ್ಲಿ ಹಂಚಿಕೊಂಡ ಊಟಗಳ ಪ್ರಮಾಣ ಕಡಿಮೆಯಿದ್ದುದು ಗಮನಾರ್ಹ. ಅಮೆರಿಕದಲ್ಲಿ 2023ರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಿಂದಿನ ದಿನದ ಎಲ್ಲ ಊಟಗಳನ್ನೂ ಒಂಟಿಯಾಗಿ ಮಾಡಿದ್ದರು. ಇದು 2003ಕ್ಕಿಂತ ಶೇ. 53ರಷ್ಟು ಹೆಚ್ಚು.

ಬ್ರಿಟನ್ನಿನ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇತರರೊಡನೆ ಆಗಾಗ ಉಣ್ಣುವವರಿಗೆ ನೆರವಿಗೆ ಬರುವ ಸ್ನೇಹಿತರು ಹೆಚ್ಚು. ಊಟದ ವೇಳೆಯ ನಗು ಮತ್ತು ಹಳೆಯ ನೆನಪುಗಳ ಮಾತುಕತೆ ಆತ್ಮೀಯತೆಯನ್ನು ಬೆಳೆಸುತ್ತವೆ. ಜಪಾನಿನ ವೃದ್ಧರ ಕುರಿತ ಅಧ್ಯಯನಗಳು ಒಂಟಿ ಊಟಕ್ಕೂ ಖಿನ್ನತೆಗೂ ಸಂಬಂಧವನ್ನು ಗುರುತಿಸಿವೆ.

ಬೊಮ್ಮನಹಳ್ಳಿ ಮತ್ತು ನಗರ ಜೀವನ
ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಬೊಮ್ಮನಹಳ್ಳಿಯು ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೆಸರಾದ ಪ್ರದೇಶ. ಹೊರ ಊರುಗಳಿಂದ ಬಂದವರು ಇಲ್ಲಿ ಬಾಡಿಗೆ ಕೋಣೆ ಹಾಗೂ ಪಿಜಿಗಳಲ್ಲಿ ನೆಲೆಸಿದ್ದಾರೆ. ಪಾಳಿಯ ಕೆಲಸ ಮತ್ತು ದೀರ್ಘ ಪ್ರಯಾಣದಿಂದಾಗಿ ಒಂದೇ ಮನೆಯವರೂ ಒಟ್ಟಿಗೆ ಉಣ್ಣುವುದು ಕಷ್ಟವಾಗಬಹುದು. ಅಂಥವರಿಗೆ ಸಹೋದ್ಯೋಗಿಗಳೊಡನೆ ಬುತ್ತಿ ಬಿಚ್ಚಿ ಪಲ್ಯ ಹಂಚಿಕೊಳ್ಳುವ ಮಧ್ಯಾಹ್ನದ ಬಿಡುವೇ ದಿನದ ಏಕೈಕ ಸಹಭೋಜನವಾಗಿರಬಹುದು.

2017ರ ಆಗಸ್ಟ್ 16ರಂದು ಜಯನಗರದಲ್ಲಿ ಉದ್ಘಾಟನೆಗೊಂಡ ಇಂದಿರಾ ಕ್ಯಾಂಟೀನ್ ಯೋಜನೆಯಲ್ಲಿ ಆರಂಭದಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ದೊರೆಯುತ್ತಿತ್ತು. ಕ್ಯಾಂಟೀನ್ ಮತ್ತು ದರ್ಶಿನಿಗಳಲ್ಲಿ ಅಪರಿಚಿತರು ಒಂದೇ ಮೇಜಿನ ಸುತ್ತ ನಿಂತು ಉಣ್ಣುತ್ತಾರೆ. ಇದು ಹಸಿವನ್ನು ನೀಗಿಸುತ್ತದೆಯಾದರೂ, ಮೇಲಿನ ಸಮೀಕ್ಷೆಯ ಅರ್ಥದಲ್ಲಿ ಹಂಚಿಕೊಂಡ ಊಟವಲ್ಲ.

ಇದೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಮಾನಸಿಕ ಸಮಸ್ಯೆಗಳ ಪ್ರಮಾಣ ಮಹಾನಗರಗಳಲ್ಲಿ ಶೇ. 13.5 ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ಶೇ. 6.9 ಇತ್ತು. ಕರ್ನಾಟಕವು ಈ 12 ರಾಜ್ಯಗಳಲ್ಲಿ ಸೇರಿರಲಿಲ್ಲ.

ಮಿತಿಗಳು
ಸಹಸಂಬಂಧವನ್ನು ಕಾರ್ಯಕಾರಣ ಸಂಬಂಧವೆಂದು ತಿಳಿಯಲಾಗದು. ಒಂಟಿ ಊಟದಿಂದ ಬೇಸರ ಹೆಚ್ಚಬಹುದು. ಖಿನ್ನತೆಯಲ್ಲಿರುವವರು ತಾವಾಗಿಯೇ ಪಂಕ್ತಿಯಿಂದ ದೂರ ಸರಿಯಲೂಬಹುದು. ಜಗಳ, ಅವಮಾನ ಅಥವಾ ಭೇದಭಾವವಿರುವ ಊಟ ನೆಮ್ಮದಿ ಕೆಡಿಸಬಲ್ಲದು. ಎಲ್ಲರಿಗೂ ಬಡಿಸಿದ ಬಳಿಕ ಹೆಂಗಸರು ಒಬ್ಬರೇ ಉಣ್ಣುವ ಮನೆಗಳಲ್ಲಿ ಸಹಭೋಜನದ ಫಲ ಎಲ್ಲರಿಗೂ ಸಮನಾಗಿ ದೊರೆಯದು. ಸಹಭೋಜನವು ಚಿಕಿತ್ಸೆಗೆ ಬದಲಿಯೂ ಅಲ್ಲ. ಮಾನಸಿಕ ತೊಂದರೆಯಿರುವವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ನೆರವು ಪಡೆಯಬಹುದು.