ಒಂದಿಂಚಿನ ಕಾರ್ತೂಸು ಮತ್ತು ನಮ್ಮ ಹೊಲದ ಚಿಗರಿ

ಕಾಲೇಜಿನಲ್ಲಿ ಎನ್.ಸಿ.ಸಿ. ಮಾಡಿದವರಿಗೆ ಈ ಕಾರ್ತೂಸು ಗೊತ್ತು. ಉದ್ದ ಒಂದು ಇಂಚು, ದಪ್ಪ ಪೆನ್ಸಿಲ್‌ಗಿಂತ ಕಡಿಮೆ. ಹಿತ್ತಾಳೆ ಕೊಳವೆ, ತುದಿಗೆ ಸೀಸದ ಗುಂಡು. ಬಾಯಲ್ಲಿ ಎಲ್ಲರೂ 'ಪಾಯಿಂಟ್ ಟೂ ಟೂ' ಅನ್ನುತ್ತಾರೆ. ಬರೆಯುವಾಗ .22.

ಸುದ್ದಿಗೆಂದು ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಗೆ ಹೋದಾಗ ಇದರ ಮಾತು ಎರಡು ರೀತಿಯಲ್ಲಿ ಬರುತ್ತದೆ. ಶೂಟಿಂಗ್ ಕಲಿಯುವ ಆಸೆ ಇರುವ ಹುಡುಗರು ಯಾವ ಕಾರ್ತೂಸು ಒಳ್ಳೆಯದು ಎಂದು ಕೇಳುತ್ತಾರೆ. ಹೊಲ ಇರುವವರು, ಚಿಗರಿ ಮತ್ತು ಹಂದಿಗೆ ಈ ಸಣ್ಣ ಬಂದೂಕು ಸಾಕಾಗುತ್ತದೆಯೇ ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಈ ಕಾರ್ತೂಸಿನ ಇತಿಹಾಸದಲ್ಲೇ ಇದೆ.

ಮದ್ದು ಬಂದ ದಾರಿ

ಬೀದರ್‌ಗೆ ಮದ್ದುಗುಂಡು ಹೊಸದಲ್ಲ. ಬಹಮನಿ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯಡಿ ಸುರಂಗ ತೋಡಿ ಮದ್ದು ಸಿಡಿಸಲಾಯಿತು. ದಖ್ಖನಿನಲ್ಲಿ ಅದು ಹೊಸ ವಿದ್ಯೆ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. 1657ರಲ್ಲಿ ಔರಂಗಜೇಬ್ ಬೀದರ್ ಕೋಟೆಗೇ ಮುತ್ತಿಗೆ ಹಾಕಿದ. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಸಿದ್ದಿ ಮರ್ಜಾನ್, ಶೇಖರಿಸಿಟ್ಟ ಮದ್ದಿಗೆ ಕಿಡಿ ಬಿದ್ದು ಸಿಡಿದಾಗ ಗಾಯಗೊಂಡು ಸತ್ತ. ಕೋಟೆ ಮೊಗಲರ ಕೈಸೇರಿತು.

ಆ ಕಾಲದ ಬಂದೂಕಿನಲ್ಲಿ ಮದ್ದು ಬೇರೆ, ಗುಂಡು ಬೇರೆ, ಕಿಡಿ ಬೇರೆ. ನಳಿಗೆಗೆ ಮದ್ದು ಸುರಿಯಬೇಕು, ಗುಂಡು ಜಡಿಯಬೇಕು, ಆಮೇಲೆ ಬತ್ತಿಯಿಂದಲೋ ಚಕಮಕಿಯಿಂದಲೋ ಕಿಡಿ ತಾಗಿಸಬೇಕು. ಮಳೆ ಬಂದರೆ ಬಂದೂಕು ಬರೀ ಕೋಲು.

ಈ ಮೂರನ್ನೂ ಒಂದೇ ಕೊಳವೆಯಲ್ಲಿ ಸೇರಿಸುವ ಕೆಲಸ 19ನೇ ಶತಮಾನದಲ್ಲಿ ಆಯಿತು. 1845ರಲ್ಲಿ ಪ್ಯಾರಿಸ್‌ನ ಲೂಯಿ ಫ್ಲೋಬೇರ್ ಎಂಬಾತ ಸಿಡಿಮದ್ದಿನ ಸಣ್ಣ ಟೋಪಿಗೆ ಗುಂಡು ಕೂರಿಸಿದ. ಅದನ್ನು ಮಾಡಿದ್ದು ಯುದ್ಧಕ್ಕೂ ಅಲ್ಲ, ಬೇಟೆಗೂ ಅಲ್ಲ. ಶ್ರೀಮಂತರು ಮನೆಯ ಪಡಸಾಲೆಯಲ್ಲಿ ಗುರಿ ಇಟ್ಟು ಆಡುವ ಆಟಕ್ಕೆ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಕೊಳವೆ ಉದ್ದ ಮಾಡಿ, ಒಳಗೆ ಕರಿಮದ್ದು ತುಂಬಿ '.22 ಶಾರ್ಟ್' ತಂದಿತು. 1887ರಲ್ಲಿ ಸ್ಟೀವನ್ಸ್ ಕಂಪನಿ '.22 ಲಾಂಗ್ ರೈಫಲ್' ತಂದಿತು. ಇವತ್ತು ಸ್ಪರ್ಧೆಗಳಲ್ಲಿ ಹಾರುವುದು ಇದೇ. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ.

ಇದಕ್ಕೆ ರಿಮ್‌ಫೈರ್ ಎಂದು ಹೆಸರು ಬಂದದ್ದು ಅಂಚಿನಿಂದ. ದೀಪಾವಳಿಗೆ ಮಕ್ಕಳ ಪಿಸ್ತೂಲಿಗೆ ಹಾಕುವ ರೀಲ್ ಪಟಾಕಿ ನೆನಪಿಸಿಕೊಳ್ಳಿ, ಪೆಟ್ಟು ಬಿದ್ದರೆ ಸಿಡಿಯುತ್ತದೆ. ಅಂಥದೇ ಸಿಡಿಮದ್ದನ್ನು ಕಾರ್ತೂಸಿನ ಬುಡದ ಟೊಳ್ಳು ಅಂಚಿನೊಳಗೆ ತುಂಬಿರುತ್ತಾರೆ. ಬಂದೂಕಿನ ಮೊಳೆ ಅಂಚನ್ನು ಜಜ್ಜುತ್ತದೆ, ಕಿಡಿ ಹುಟ್ಟುತ್ತದೆ, ಮದ್ದು ಉರಿಯುತ್ತದೆ. ಒಮ್ಮೆ ಜಜ್ಜಿದ ಕೊಳವೆಯನ್ನು ಮತ್ತೆ ತುಂಬಿ ಬಳಸಲು ಬರುವುದಿಲ್ಲ. ಅಂಚು ಜಜ್ಜಿಹೋಗುವಷ್ಟು ತೆಳುವಾಗಿ ಇರಬೇಕಾದ್ದರಿಂದ ಒಳಗೆ ಹೆಚ್ಚು ಮದ್ದು ತುಂಬಲೂ ಆಗುವುದಿಲ್ಲ. .22 ದುರ್ಬಲ ಕಾರ್ತೂಸಾಗಿಯೇ ಉಳಿದದ್ದು ಇದರಿಂದ. ಸೋವಿ ಆದದ್ದು, ಸದ್ದು ಕಡಿಮೆ ಇರುವುದು, ಹೆಗಲಿಗೆ ಪೆಟ್ಟು ಕೊಡದಿರುವುದೂ ಇದರಿಂದಲೇ.

ಶಿಕಾರಿಯ ಕಾಲ

1948ರ ಸೆಪ್ಟೆಂಬರ್‌ವರೆಗೆ ಬೀದರ್ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಆಗ ಬಂದೂಕಿನ ಶಿಕಾರಿ ಅಂದರೆ ದೊಡ್ಡವರ ಶೋಕಿ. ಜಾಗೀರದಾರರು, ಅಧಿಕಾರಿಗಳು, ಅವರ ಮನೆಗೆ ಬಂದ ಇಂಗ್ಲಿಷ್ ಅತಿಥಿಗಳು ಬಯಲಲ್ಲಿ ಚಿಗರಿ ಹೊಡೆಯುತ್ತಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿ ಪಳಗಿಸಿದ ಚೀತಾಗಳನ್ನು ಚಿಗರಿಗಳ ಮೇಲೆ ಬಿಡುವ ಬೇಟೆಯೂ ನಡೆಯುತ್ತಿತ್ತು. ಆ ಚೀತಾ ನಮ್ಮ ದೇಶದಿಂದಲೇ ಅಳಿದುಹೋಯಿತೆಂದು 1952ರಲ್ಲಿ ಸರ್ಕಾರ ಘೋಷಿಸಿತು.

ದೊಡ್ಡ ಪ್ರಾಣಿಗೆ ದೊಡ್ಡ ರೈಫಲ್, ಹಾರುವ ಹಕ್ಕಿಗೆ ಚರೆಗುಂಡಿನ 12 ಬೋರ್, ಕೂತ ಮೊಲಕ್ಕೆ .22. ಶಿಕಾರಿಗಳ ಲೆಕ್ಕ ಹೀಗಿತ್ತು. ಊರಿನ ಬಡವರ ಕೈಯಲ್ಲಿ ಬಂದೂಕು ಇರಲಿಲ್ಲ, ಬಲೆ ಮತ್ತು ಉರುಳು ಇದ್ದವು.

ಕಾಯ್ದೆ ಬದಲಾದ ಬಗೆ

1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಬ್ರಿಟಿಷರ 1878ರ ಶಸ್ತ್ರ ಕಾಯ್ದೆಯ ಜಾಗಕ್ಕೆ 1959ರ ಹೊಸ ಶಸ್ತ್ರ ಕಾಯ್ದೆ ಬಂತು. ಅದು ಜಾರಿಯಾದದ್ದು 1962ರ ಅಕ್ಟೋಬರ್‌ನಲ್ಲಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ನಮ್ಮಲ್ಲಿ ಆ ವಿನಾಯಿತಿ ಇಲ್ಲ. .22 ಆದರೂ ಜಿಲ್ಲಾಧಿಕಾರಿ ಕಚೇರಿಯ ಪರವಾನಗಿ ಬೇಕು, ಕಾರ್ತೂಸನ್ನು ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಬೇಕು.

ಇನ್ನು ಬೇಟೆಯ ಮಾತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ದಿನವೇ ಎಲ್ಲ ಬೇಟೆ ನಿಂತುಹೋಯಿತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಕಾಯ್ದೆ ಮೊದಲ ಪಟ್ಟಿಗೆ ಸೇರಿಸಿ ರಕ್ಷಣೆ ಕೊಟ್ಟಿತು. ಆದರೆ ಅದೇ ಕಾಯ್ದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸ್ ಕೊಡುವ ಅವಕಾಶವೂ ಇತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಅಂದಿನಿಂದ 'ಸಣ್ಣ ಬೇಟೆ' ಎಂಬ ಕಾನೂನಿನ ಮಾತೇ ಇಲ್ಲ. ಮೊಲವೂ ರಕ್ಷಿತ ಪ್ರಾಣಿ. ಚಿಗರಿ ಕೊಂದರೆ ಈಗ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ.

ಏರ್‌ಗನ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 2016ರ ನಿಯಮದಂತೆ .177 ಅಳತೆಯ, 20 ಜೌಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಪರವಾನಗಿ ಬೇಡ ಅಂದಮಾತ್ರಕ್ಕೆ ಕೌಜುಗ ಹೊಡೆಯಬಹುದು ಎಂದಲ್ಲ. ಯಾವುದರಿಂದ ಹೊಡೆದರೂ ಬೇಟೆ ಬೇಟೆಯೇ.

ಹುಡುಗರ ಪ್ರಶ್ನೆಗೆ ಉತ್ತರ

ಗುರಿ ಸ್ಪರ್ಧೆಗೆ ವೇಗದ ಕಾರ್ತೂಸು ಒಳ್ಳೆಯದು ಎಂದುಕೊಳ್ಳುವುದು ಸಹಜ. ನಿಜ ಅದಕ್ಕೆ ಉಲ್ಟಾ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಮ್ಮ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಅದು 355ರ ಹತ್ತಿರ. ಹೈ ವೆಲಾಸಿಟಿ ಗುಂಡು ಇದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ನಿಧಾನವಾಗಿ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆ ಗಡಿ ದಾಟುವಾಗ ಗುಂಡು ಅಲುಗಾಡುತ್ತದೆ. ಅಡ್ಡಗಾಳಿಗೂ ಅದೇ ಹೆಚ್ಚು ಸರಿಯುತ್ತದೆ. ಸ್ಪರ್ಧೆಯ ಗುಂಡನ್ನು ಸುಮಾರು 325 ಮೀಟರ್ ವೇಗದಲ್ಲೇ ಹೊರಡುವಂತೆ ಮಾಡುವುದು ಇದಕ್ಕೇ.

ಆದ್ದರಿಂದ ಗುರಿಗೆ ಆರಿಸಬೇಕಾದ್ದು 40 ಗ್ರೇನ್‌ನ ದುಂಡು ತುದಿಯ ಸೀಸದ ಗುಂಡು, ಸ್ಟ್ಯಾಂಡರ್ಡ್ ವೆಲಾಸಿಟಿ ಅಥವಾ ಮ್ಯಾಚ್ ಎಂದು ಡಬ್ಬಿಯ ಮೇಲೆ ಬರೆದದ್ದು. ದುಬಾರಿ ಡಬ್ಬಿಯೇ ಗೆಲ್ಲುತ್ತದೆ ಎಂದೇನಿಲ್ಲ. ಪ್ರತಿ ರೈಫಲ್‌ನ ನಳಿಗೆಗೂ ತನ್ನದೇ ಇಷ್ಟ ಇರುತ್ತದೆ. ಎರಡು ಮೂರು ಬಗೆ ತಂದು, ರೈಫಲ್ ಅನ್ನು ಮರಳು ಚೀಲದ ಮೇಲಿಟ್ಟು, ಒಂದೊಂದರಲ್ಲೂ ಹತ್ತು ಗುಂಡು ಹಾರಿಸಿ. ಯಾವುದರ ತೂತುಗಳು ಒತ್ತಾಗಿ ಬೀಳುತ್ತವೋ ಅದೇ ನಿಮ್ಮದು. ಆಮೇಲೆ ಅದೇ ಲಾಟ್ ನಂಬರ್‌ನದ್ದನ್ನೇ ಕೊಳ್ಳಿ. ಲಾಟ್ ಬದಲಾದರೆ ಗುರಿಯೂ ಸ್ವಲ್ಪ ಬದಲಾಗುತ್ತದೆ.

ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡನ್ನು ಸಣ್ಣ ಬೇಟೆಗೆ ಅವಕಾಶ ಇರುವ ದೇಶಗಳಲ್ಲಿ ಮೊಲಕ್ಕೆ, ಅಳಿಲಿಗೆ ಬಳಸುತ್ತಾರೆ. ಮೈಗೆ ತಾಗಿದಾಗ ತುದಿ ಅರಳಿ ಪ್ರಾಣಿ ಬೇಗ ಸಾಯಲಿ ಎಂದು. ಕಾಗದದ ಗುರಿಗೆ ಅದರಿಂದ ಲಾಭವಿಲ್ಲ, ನಮ್ಮಲ್ಲಿ ಬೇರೆ ಗುರಿಯೂ ಇಲ್ಲ.

ಒಂದು ಎಚ್ಚರಿಕೆ. ಸಣ್ಣದು ಎಂದು ಸಸಾರ ಬೇಡ. ಮೇಲ್ಮುಖವಾಗಿ ಹಾರಿಸಿದ .22 ಗುಂಡು ಒಂದೂವರೆ ಕಿ.ಮೀ. ದಾಟಿ ಬೀಳಬಲ್ಲದು. ಹಿಂದೆ ಮಣ್ಣಿನ ಒಡ್ಡು ಇಲ್ಲದ ಜಾಗದಲ್ಲಿ ಹಾರಿಸಬೇಡಿ.

ರೈತರ ಪ್ರಶ್ನೆಗೆ ಉತ್ತರ

ಬಿತ್ತಿದ ಹೆಸರು, ಉದ್ದು, ಸೋಯಾ ಮೊಳಕೆಯೊಡೆದ ವಾರದಲ್ಲೇ ಚಿಗರಿ ಹಿಂಡು ಇಳಿದರೆ ಆಗುವ ಸಿಟ್ಟು ನನಗೆ ಗೊತ್ತು. ರಾತ್ರಿಯೆಲ್ಲ ಹೊಲದಲ್ಲಿ ಡಬ್ಬಿ ಬಡಿದವರನ್ನು ನೋಡಿದ್ದೇನೆ. ಆ ನಷ್ಟ ಸುಳ್ಳಲ್ಲ. ಆದರೆ ಅದಕ್ಕೆ ಈ ಕಾರ್ತೂಸು ಉತ್ತರವಲ್ಲ. ಕಾಯ್ದೆಯ ಮಾತು ಒಂದು ಕಡೆ ಇರಲಿ, .22ರ ಹುಟ್ಟೇ ಅದನ್ನು ಹೇಳುತ್ತದೆ. ಪಡಸಾಲೆಯ ಆಟಕ್ಕೆ ಹುಟ್ಟಿದ ಈ ಗುಂಡಿನ ಬಲ .303 ರೈಫಲ್ ಗುಂಡಿನ ಹದಿನೈದರಲ್ಲಿ ಒಂದು ಪಾಲೂ ಇಲ್ಲ. ಬೆಳೆದ ಗಂಡು ಚಿಗರಿ ಸುಮಾರು 40 ಕಿಲೋ ತೂಗುತ್ತದೆ. .22 ತಗಲಿದರೆ ಅದು ಬಹುತೇಕ ಅಲ್ಲೇ ಬೀಳುವುದಿಲ್ಲ. ಹೊಟ್ಟೆಯಲ್ಲಿ ಸೀಸ ಇಟ್ಟುಕೊಂಡು ಓಡಿ, ಯಾರದೋ ತೊಗರಿ ಹೊಲದಲ್ಲಿ ನರಳಿ ಸಾಯುತ್ತದೆ. ಆಮೇಲೆ ಪೊಲೀಸರು ಮೊದಲು ಕೇಳುವುದು ಆ ಹೊಲದವನನ್ನೇ.

ರಾತ್ರಿ ಜೀಪಿನಲ್ಲಿ ಸರ್ಚ್‌ಲೈಟ್ ಹಾಕಿಕೊಂಡು ಬರುವವರು ನಿಮ್ಮ ಬೆಳೆ ಕಾಯಲು ಬರುವುದಿಲ್ಲ. ಸದ್ದು ಕಡಿಮೆ ಎಂದು .22 ತರುತ್ತಾರೆ, ಮಾಂಸ ತೆಗೆದುಕೊಂಡು ಹೋಗುತ್ತಾರೆ. 1998ರಲ್ಲಿ ಜೋಧಪುರದ ಬಳಿ ಸಿನಿಮಾ ನಟನೊಬ್ಬನ ಮೇಲೆ ಕೃಷ್ಣಮೃಗ ಬೇಟೆಯ ಕೇಸು ಬಿದ್ದದ್ದು ಅಲ್ಲಿನ ಬಿಷ್ಣೋಯಿ ಹಳ್ಳಿಗರು ಸುಮ್ಮನಿರದೆ ಹೋದದ್ದರಿಂದ. 2018ರಲ್ಲಿ ಕೆಳಗಿನ ನ್ಯಾಯಾಲಯ 5 ವರ್ಷ ಶಿಕ್ಷೆ ಹೇಳಿತು, ಮೇಲ್ಮನವಿ ಹೋಯಿತು. ಕಾರಿನ ನಂಬರ್ ಬರೆದಿಟ್ಟುಕೊಳ್ಳುವುದು ನಮ್ಮ ಕೈಯಲ್ಲೂ ಇದೆ. ಬೆಳೆ ಹಾನಿಯಾದರೆ ಅದೇ ದಿನ ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿಯೇ ಇಲ್ಲದಿದ್ದರೆ ನಷ್ಟವೇ ಆಗಿಲ್ಲ ಎಂದು ಲೆಕ್ಕ.

ಉಳಿದ ಒಂದೇ ಗುರಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದರು. ಭಾರತಕ್ಕೆ ಆ ವಿಭಾಗದಲ್ಲಿ ಅದೇ ಮೊದಲ ಪದಕ. ಅವರ ಊರು ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿ. ಅವರ ರೈಫಲ್‌ನಲ್ಲಿ ಇದ್ದದ್ದು ಇದೇ ಒಂದಿಂಚಿನ ಕಾರ್ತೂಸು. 50 ಮೀಟರ್ ದೂರದಲ್ಲಿ ಅವರು ಹೊಡೆಯಬೇಕಿದ್ದ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು.

ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿಗೆ ಹೋಗುವ ಮೊದಲ ಮೆಟ್ಟಿಲು ಎನ್.ಸಿ.ಸಿ. ಕ್ಯಾಂಪು. ಅಲ್ಲಿ ಕಾರ್ತೂಸು ಸರ್ಕಾರದ್ದು, ಗುರಿ ಕಾಗದದ್ದು. ಕಾಲೇಜಿಗೆ ಸೇರುವಾಗ ಎನ್.ಸಿ.ಸಿ. ಅರ್ಜಿಯನ್ನೂ ತುಂಬಿಸಿ.