ಪಿಸ್ತೂಲಿನ ಬಾಳಿಕೆ: ಹೆಸರಿಗಿಂತ ಸ್ಪ್ರಿಂಗ್ ದೊಡ್ಡದು

ಪಿಸ್ತೂಲುಗಳ ಮಾತು ಬಂದರೆ ಇಂದು ಚರ್ಚೆ ಕಂಪನಿಯ ಹೆಸರಿನಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ಕೆಸರಿನಲ್ಲಿ ಅದ್ದಿ ಹಾರಿಸಿದ ವಿಡಿಯೊ ಇದ್ದರೆ ಸಾಕು, ‘ಇದೇ ಗಟ್ಟಿ’ ಎಂಬ ತೀರ್ಪು ಸಿದ್ಧ. ಜಿಗಣಿಯ ಶೆಡ್ಡುಗಳಲ್ಲಿ ಸ್ಪ್ರಿಂಗ್‌ಗಳ ನಡುವೆಯೇ ದುಡಿದು ಬಂದ ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಸಾವಿರಾರು ಗುಂಡು ಹಾರಿಸಿದರೂ ಲೋಹ ಬಿರುಕು ಬಿಡದಿದ್ದರೆ ಅದು ಬಾಳಿಕೆ. ಟ್ರಿಗರ್ ಎಳೆದಾಗಲೆಲ್ಲ ಕೈಕೊಡದೆ ಹಾರಿದರೆ ಅದು ಭರವಸೆ. ಇವೆರಡನ್ನೂ ಬೇರೆ ಬೇರೆ ಅಳೆಯಬೇಕು.

ಆರಂಭದ ಕಾಲದ ಸಾಧನೆಯ ದೊಡ್ಡ ಪಾಲು ಅಮೆರಿಕದ ವಿನ್ಯಾಸಕಾರ ಜಾನ್ ಬ್ರೌನಿಂಗ್ ಅವರದು. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಅವರ .45 ಪಿಸ್ತೂಲಿನಿಂದ 6,000 ಗುಂಡು ಹಾರಿಸಿತು. ಒಮ್ಮೆಯೂ ಅದು ಕೈಕೊಡಲಿಲ್ಲ. ಪ್ರತಿಸ್ಪರ್ಧಿ ಸ್ಯಾವೇಜ್ ಪಿಸ್ತೂಲು 37 ಸಲ ಕೈಕೊಟ್ಟಿತು. ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಸೈವ್ ಎಂಬ ವಿನ್ಯಾಸಕಾರ ಮುಗಿಸಿದ ಹೈ-ಪವರ್ ಪಿಸ್ತೂಲು 1935ರಲ್ಲಿ ಬಂತು. ಇಛಾಪುರದ ರೈಫಲ್ ಕಾರ್ಖಾನೆಯ 9 ಮಿ.ಮೀ. 1ಎ ಪಿಸ್ತೂಲು ಅದೇ ವಂಶದ್ದು. 13 ಗುಂಡಿನ ಮ್ಯಾಗಜೀನ್ ಕೂಡ ಅಲ್ಲಿಂದಲೇ ಬಂದದ್ದು.

ನನ್ನ ತಲೆಮಾರಿಗೆ ಪಾಠ ಕಲಿಸಿದ್ದು 1980ರ ದಶಕ. ಆಸ್ಟ್ರಿಯಾದ ಸೇನೆ 1982ರಲ್ಲಿ ಗ್ಲಾಕ್ 17 ಅನ್ನು ಆರಿಸಿಕೊಂಡಾಗ ಪ್ಲಾಸ್ಟಿಕ್ ಚೌಕಟ್ಟನ್ನು ನಂಬಿದವರು ಕಡಿಮೆ. ಪರದೆಯ ಸರಳು, ಸೈನಿಕರ ಚಾಕು ತಯಾರಿಸುತ್ತಿದ್ದ ಗ್ಯಾಸ್ಟನ್ ಗ್ಲಾಕ್ ಅವರಿಗೆ ಅದಕ್ಕೆ ಮೊದಲು ಬಂದೂಕಿನ ಅನುಭವವಿರಲಿಲ್ಲ. ಬಿಡಿಭಾಗಗಳನ್ನು ಸುಮಾರು 34ಕ್ಕೆ ಇಳಿಸಿದ್ದೇ ಅವರ ಗೆಲುವು. ಭಾಗ ಕಡಿಮೆಯಾದಷ್ಟೂ ಕೆಡುವ ಜಾಗಗಳೂ ಕಡಿಮೆ. 1985ರಲ್ಲಿ ಅಮೆರಿಕ ಒಪ್ಪಿಕೊಂಡ ಬೆರೆಟ್ಟಾದ ಕಥೆ ಬೇರೆ. ಅದು ಸರಾಗವಾಗಿ ಹಾರುತ್ತಿತ್ತು, ಆದರೆ ಕೆಲವು ಪಿಸ್ತೂಲುಗಳ ಸ್ಲೈಡ್ (ಹಾರಿಸಿದಾಗ ಹಿಂದೆ ಸರಿಯುವ ಮೇಲ್ಭಾಗ) ಮುರಿದು ಹಿಂದಕ್ಕೆ ಸಿಡಿದು ಹಾರಿಸಿದವರಿಗೇ ಗಾಯವಾಯಿತು. ಹ್ಯಾಮರ್ ಪಿನ್ನಿನ ತಲೆ ದೊಡ್ಡದು ಮಾಡಿ, ಮುರಿದರೂ ಸ್ಲೈಡ್ ಹಿಂದಕ್ಕೆ ಹಾರದಂತೆ ತಡೆದರು. ಭರವಸೆಯಿದ್ದ ಮಾತ್ರಕ್ಕೆ ಬಾಳಿಕೆ ಬರುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಮುಂದೆ ಗ್ಲಾಕ್‌ನಂಥ ಗ್ಲಾಕ್ ಕೂಡ 2011ರಲ್ಲಿ ನಾಲ್ಕನೇ ಪೀಳಿಗೆಯ ರಿಕಾಯಿಲ್ ಸ್ಪ್ರಿಂಗ್‌ಗಳನ್ನು, ಅಂದರೆ ಹಿಂದೆ ಸರಿದ ಸ್ಲೈಡನ್ನು ಮರಳಿ ತರುವ ಸ್ಪ್ರಿಂಗ್‌ಗಳನ್ನು, ಬದಲಿಸಿಕೊಡಬೇಕಾಯಿತು. ವಿಡಿಯೊಗಳಲ್ಲಿ ಕಾಣದ ಸಂಗತಿ ಇದು. ರಿಕಾಯಿಲ್ ಸ್ಪ್ರಿಂಗ್ ಸಡಿಲವಾದರೆ ಸ್ಲೈಡ್ ಚೌಕಟ್ಟಿಗೆ ಬಡಿಯುತ್ತದೆ, ಲೋಹ ದಣಿಯುತ್ತದೆ. ಮರಳಿ ಮುಚ್ಚುವ ಬಲವೂ ಸಾಲದು. ಮ್ಯಾಗಜೀನಿನ ಸ್ಪ್ರಿಂಗ್ ಸೋತರೆ ಮುಂದಿನ ತೋಟಾ ಹೊತ್ತಿಗೆ ಸರಿಯಾಗಿ ಮೇಲೇರದೆ ಸಿಕ್ಕಿಕೊಳ್ಳುತ್ತದೆ. ತಂತಿಯ ಗುಣ, ಸುತ್ತಿದ ಮೇಲೆ ಒತ್ತಡ ಇಳಿಸಲು ಕೊಡುವ ಕಾವು, ಮೇಲ್ಮೈಗೆ ಸಣ್ಣ ಲೋಹದ ಕಣ ಬಡಿದು ಗಟ್ಟಿಮಾಡುವ ಶಾಟ್ ಪೀನಿಂಗ್, ಮುಂದೆ ಕುಗ್ಗದಿರಲೆಂದು ಮೊದಲೇ ಪೂರ್ತಿ ಅದುಮಿ ನೋಡುವುದು: ಪಿಸ್ತೂಲಿನ ಆಯುಸ್ಸು ನಿಂತಿರುವುದು ಇವುಗಳ ಮೇಲೆ.

ಈ ವಿದ್ಯೆ ನಮ್ಮೂರಿನದೇ. ವಾಹನಗಳಿಗೆ ಸ್ಪ್ರಿಂಗ್ ತಯಾರಿಸುವ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಬಳಗದ ಎಸ್‌ಎಸ್‌ಎಸ್ ಡಿಫೆನ್ಸ್, ವೈಪರ್ ಮತ್ತು ಸೇಬರ್ ಎಂಬ ಸ್ನೈಪರ್ ರೈಫಲ್‌ಗಳನ್ನು ರೂಪಿಸಿ 2020ರ ಹೊತ್ತಿಗೆ ಜಿಗಣಿಯ ಹೆಸರನ್ನು ಈ ಕ್ಷೇತ್ರಕ್ಕೆ ತಂದಿತು. ಸ್ಪ್ರಿಂಗ್ ಬಲ್ಲವರು ಬಂದೂಕಿಗೆ ಕೈಹಾಕಿದ್ದನ್ನು ಆಕಸ್ಮಿಕವೆಂದು ನಾನು ಭಾವಿಸುವುದಿಲ್ಲ.

ಕೊರತೆ ಇರುವುದು ದಾಖಲೆಗಳಲ್ಲಿ. 9 ಮಿ.ಮೀ. ತೋಟಾ ಜನಸಾಮಾನ್ಯರಿಗೆ ನಿಷಿದ್ಧ. ಪರವಾನಗಿ ಇರುವವರ ಪಾಲಿಗೆ ಉಳಿಯುವುದು ಅಶನಿಯಂಥ .32 ಪಿಸ್ತೂಲು. ಗುಂಡು ಹಾರುವಾಗ ಸ್ಲೈಡನ್ನು ನಳಿಗೆಗೆ ಬಿಗಿದಿಡುವ ಬೀಗದ ವ್ಯವಸ್ಥೆ ಅದರಲ್ಲಿಲ್ಲ. ಸಿಡಿತದ ಬಲವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹೀಗಿದ್ದೂ ಸ್ಪ್ರಿಂಗನ್ನು ಎಷ್ಟು ಗುಂಡಿಗೊಮ್ಮೆ ಬದಲಿಸಬೇಕೆಂದು ಕೊಂಡವರಿಗೆ ಯಾರೂ ಒತ್ತಿ ಹೇಳುವುದಿಲ್ಲ. ನಮ್ಮ ಪಡೆಗಳ ಪರೀಕ್ಷಾ ವರದಿಗಳು ಕಡತದಲ್ಲೇ ಉಳಿಯುತ್ತವೆ. 1911ರ ಆ 37 ವೈಫಲ್ಯಗಳನ್ನು ನಾವು ಇಂದಿಗೂ ಎಣಿಸಿ ಹೇಳಬಲ್ಲೆವು. ನಮ್ಮದೇ 1ಎ ಬಗ್ಗೆ ಅಂಥ ಅಂಕಿ ಸಾರ್ವಜನಿಕ ಚರ್ಚೆಗೆ ಬಂದಿಲ್ಲ. ಪಿಸ್ತೂಲು ಪೊಲೀಸರ ಸೊಂಟದಲ್ಲಿರಲಿ, ಸೈನಿಕರ ಸೊಂಟದಲ್ಲಿರಲಿ, ಅದು ಎಷ್ಟು ಗುಂಡಿಗೊಮ್ಮೆ ಕೈಕೊಟ್ಟಿತು, ಯಾವ ಭಾಗ ಮೊದಲು ಸೋತಿತು, ಯಾವ ಬ್ಯಾಚಿನ ಮದ್ದುಗುಂಡು ಬಳಸಿದರು ಎಂಬುದು ದಾಖಲಾಗಿ ಅಚ್ಚಾಗಬೇಕು. ಹಾಗಾದರೆ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಗೂ ತಾನು ಏನನ್ನು ತಿದ್ದಬೇಕೆಂದು ತಿಳಿಯುತ್ತದೆ.